ಹಳೆಯ ಚಾಪರ್ ಕೊಳ್ಳುವಾಗ ಎಂಜಿನ್ ಸದ್ದನ್ನು ಕೊನೆಗೆ ಕೇಳಿ

ಪ್ರಶ್ನೆ: ಅಮೆರಿಕದಲ್ಲಿ ಮಾರಾಟಕ್ಕಿರುವ ಹಾರ್ಲೆ-ಡೇವಿಡ್‌ಸನ್ ಚಾಪರ್ (ಕತ್ತರಿಸಿ ಮಾರ್ಪಡಿಸಿದ ಮೋಟಾರ್‌ಸೈಕಲ್) ಒಂದನ್ನು ಕೊಳ್ಳಬೇಕೆಂದಿದ್ದೇನೆ. ಎಂಜಿನ್ 1968ರದು, ಹಾರ್ಲೆಯ ಶವೆಲ್‌ಹೆಡ್ ಎಂಬ ಬಗೆಯದು. 1970ರ ದಶಕದ ಆರಂಭದಲ್ಲಿ ಅದನ್ನು ಚಾಪರ್ ಆಗಿ ಕಟ್ಟಲಾಯಿತು, ಆಮೇಲೆ ಯಾರೂ ಕೈಯಾಡಿಸಿಲ್ಲ ಎಂದು ಮಾರುವವರು ಹೇಳುತ್ತಾರೆ. ಹಿಂದೆ ಸಸ್ಪೆನ್ಷನ್ ಇಲ್ಲ, ಮುಂದೆ ಸ್ಪ್ರಿಂಗುಗಳು ಹೊರಗೇ ಕಾಣುವ ಉದ್ದನೆಯ ಸ್ಪ್ರಿಂಗರ್ ಫೋರ್ಕ್ ಇದೆ, ಮುಂದಿನ ಚಕ್ರಕ್ಕೆ ಬ್ರೇಕ್ ಇಲ್ಲ. ಎಂಜಿನ್ ಚಾಲೂ ಮಾಡಿದ ವಿಡಿಯೊ ಕಳಿಸಿದ್ದಾರೆ, ಸದ್ದು ಚೆನ್ನಾಗಿದೆ. ಬಣ್ಣ ಮಾತ್ರ ಅಲ್ಲಲ್ಲಿ ಬಿರುಕು ಬಿಟ್ಟಿದೆ. ಏನೇನು ಪರೀಕ್ಷಿಸಬೇಕು? ಹೊಸ ಬಣ್ಣ ಬಳಿಸಬಹುದೆ? ಓಡಿಸಲು ಇದು ಯೋಗ್ಯವೆ?

ಉತ್ತರ: ನೀವು ಕೊಟ್ಟಿರುವ ವಿವರಗಳಲ್ಲಿ ಅತಿ ಕಡಿಮೆ ಉಪಯೋಗಕ್ಕೆ ಬರುವುದು ಆ ವಿಡಿಯೊ. ಶವೆಲ್‌ಹೆಡ್ ಎಂಜಿನ್ನಿನ ಪಿಸ್ಟನ್, ವಾಲ್ವ್, ಬೇರಿಂಗ್, ಆಯಿಲ್ ಪಂಪ್, ಕೊನೆಗೆ ಎಂಜಿನ್ನಿನ ತಳದ ಲೋಹದ ಕವಚವಾದ ಕ್ರ್ಯಾಂಕ್‌ಕೇಸ್ ಕೂಡ ಇಂದಿಗೂ ಹೊಸದಾಗಿ ತಯಾರಾಗುತ್ತವೆ. ಆದ್ದರಿಂದ ಎಂಜಿನ್ನಿನ ಒಳಗೆ ಏನೇ ಕೆಟ್ಟಿದ್ದರೂ ಹಣ ಮತ್ತು ತಾಳ್ಮೆ ಇರುವವರು ಅದನ್ನು ಸರಿಪಡಿಸಿಕೊಳ್ಳಬಹುದು. ಆದರೆ ತಿದ್ದಿದ ಎಂಜಿನ್ ಸಂಖ್ಯೆಯನ್ನು ಯಾರೂ ಸರಿಪಡಿಸಲಾರರು. ಕೆಟ್ಟದಾಗಿ ಕತ್ತರಿಸಿ ಬೆಸೆದ ಫ್ರೇಮನ್ನು ಅದರ ಹಳೆಯ ರೂಪ ಕೆಡದಂತೆ ಸರಿಪಡಿಸುವುದೂ ಬಹುತೇಕ ಅಸಾಧ್ಯ. 1972ರಲ್ಲಿ ಬಳಿದ ಬಣ್ಣವನ್ನು ಕಿತ್ತುಹಾಕಿದ ಮೇಲೆ ಅದನ್ನು ಮರಳಿ ತರುವ ಉಪಾಯವೂ ಇಲ್ಲ. ಆದ್ದರಿಂದ ಮೊದಲು ಸಂಖ್ಯೆ, ಅನಂತರ ಫ್ರೇಮ್ ಮತ್ತು ಫೋರ್ಕಿನ ಲೆಕ್ಕಾಚಾರ, ಆಮೇಲೆ ವಾಹನದ ಕಾಲನಿರ್ಣಯ, ಎಲ್ಲಕ್ಕಿಂತ ಕೊನೆಗೆ ಎಂಜಿನ್ ಎಂಬ ಕ್ರಮದಲ್ಲಿ ನೋಡಿ ಎನ್ನುವುದೇ ನನ್ನ ಮುಖ್ಯ ಸಲಹೆ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ; ಸದ್ದು ಕೇಳಿ ಮನಸೋತ ಮೇಲೆ ಉಳಿದ ಪರೀಕ್ಷೆಗಳಿಗೆ ಅವರಿಗೆ ಮನಸ್ಸೇ ಇರುವುದಿಲ್ಲ.

ಇನ್ನೊಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. 1960 ಮತ್ತು 70ರ ದಶಕಗಳ ಚಾಪರ್ ಕಾರ್ಖಾನೆಯಿಂದ ಹೊರಬಂದ ಮಾದರಿಯಲ್ಲ. ಕಾರ್ಖಾನೆಯ ವಾಹನವನ್ನು ಬಿಚ್ಚಿ, ಬೇಡವೆನಿಸಿದ್ದನ್ನು ಕತ್ತರಿಸಿ ತೆಗೆದು, ಬೇಕಾದುದನ್ನು ಬೆಸೆದು ಯಾರೋ ಒಬ್ಬರು ತಮ್ಮ ತೀರ್ಮಾನದಂತೆ ಕಟ್ಟಿದ ವಾಹನ ಅದು. ಆದ್ದರಿಂದ ಯಾವುದು ಸರಿ, ಯಾವುದು ತಪ್ಪು ಎಂದು ಹೇಳುವ ಕೈಪಿಡಿ ಅದಕ್ಕಿಲ್ಲ. ಕಟ್ಟಿದವರು ನುರಿತ ಬೆಸುಗೆಗಾರರಾಗಿದ್ದರೇ ಇಲ್ಲವೇ ಎಂಬುದನ್ನು ಲೋಹವನ್ನು ನೋಡಿಯೇ ತಿಳಿಯಬೇಕು.

ಈಗ ಸಂಖ್ಯೆಯ ವಿಷಯ. ಹಾರ್ಲೆ-ಡೇವಿಡ್‌ಸನ್ ಕಂಪನಿ 1969ರ ಮಾದರಿಯವರೆಗೆ ವಾಹನದ ಗುರುತಿನ ಸಂಖ್ಯೆಯನ್ನು ಎಂಜಿನ್ ಮೇಲೆ ಮಾತ್ರ ಒತ್ತುತ್ತಿತ್ತು. ಫ್ರೇಮಿನ ಮೇಲೆ ಅಂಥ ಸಂಖ್ಯೆ ಇರಲಿಲ್ಲ. 1970ರ ಮಾದರಿಯಿಂದ ಎಂಜಿನ್ ಮತ್ತು ಫ್ರೇಮ್ ಎರಡರ ಮೇಲೂ ಒಂದೇ ಸಂಖ್ಯೆ ಬಂತು, 1981ರಿಂದ 17 ಅಕ್ಷರಗಳ ಈಗಿನ ಪದ್ಧತಿ ಜಾರಿಯಾಯಿತು. ನಿಮ್ಮ ಎಂಜಿನ್ 1968ರದಾದ್ದರಿಂದ ಕಾನೂನಿನ ದೃಷ್ಟಿಯಲ್ಲಿ ಎಂಜಿನ್ನೇ ಆ ವಾಹನ, ಅಂದರೆ ಮಾಲೀಕತ್ವದ ಪತ್ರವಾದ ಟೈಟಲ್ ಎಂಜಿನ್ ಸಂಖ್ಯೆಯನ್ನೇ ಅನುಸರಿಸಿರಬೇಕು. ಆ ಸಂಖ್ಯೆ ಕ್ರ್ಯಾಂಕ್‌ಕೇಸಿನ ಎಡಭಾಗದಲ್ಲಿ, ಎರಡು ಸಿಲಿಂಡರುಗಳ ಬುಡದ ನಡುವೆ, ಸ್ವಲ್ಪ ಉಬ್ಬಿದ ಚಪ್ಪಟೆ ಜಾಗದ ಮೇಲೆ ಇರುತ್ತದೆ; ಆರಂಭದ 68 ವರ್ಷವನ್ನೂ, ನಂತರದ ಎಫ್‌ಎಲ್ ಅಥವಾ ಎಫ್‌ಎಲ್‌ಎಚ್ ಅಕ್ಷರಗಳು ಮಾದರಿಯನ್ನೂ, ಕೊನೆಯ ಅಂಕಿಗಳು ಕ್ರಮಾಂಕವನ್ನೂ ಸೂಚಿಸುತ್ತವೆ.

ಆ ಉಬ್ಬನ್ನು ಟಾರ್ಚಿನ ಬೆಳಕು ಪಕ್ಕದಿಂದ ಬೀಳುವಂತೆ ಹಿಡಿದು ನೋಡಿ. ಅರ ಅಥವಾ ಗ್ರೈಂಡರ್ ಆಡಿಸಿದ ಗೆರೆಗಳಿದ್ದರೆ, ಉಬ್ಬು ತಗ್ಗಾಗಿ ಸುತ್ತಲಿನ ಲೋಹದ ಮಟ್ಟಕ್ಕೇ ಬಂದಿದ್ದರೆ, ಅಂಕಿಗಳ ಆಕಾರ ಅದೇ ಕಾಲದ ಅಸಲಿ ಎಂಜಿನ್ನಿನ ಅಂಕಿಗಳಿಗಿಂತ ಬೇರೆಯಾಗಿದ್ದರೆ, ಹಳೆಯ ಅಂಕಿಯ ನೆರಳು ಹೊಸ ಅಂಕಿಯ ಹಿಂದೆ ಕಂಡರೆ, ಅಲ್ಲಿಂದ ಹಿಂದಿರುಗಿ ಬನ್ನಿ. ಇನ್ನೊಂದು ಪರೀಕ್ಷೆಯನ್ನು ಬಹಳ ಜನ ಮರೆಯುತ್ತಾರೆ. ಕ್ರ್ಯಾಂಕ್‌ಕೇಸಿನ ಎಡ ಮತ್ತು ಬಲ ಹೋಳುಗಳನ್ನು ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಯಂತ್ರಕ್ಕೆ ಕೊಟ್ಟು, ಎರಡರ ತಳದಲ್ಲೂ ಒಂದೇ ಸಂಖ್ಯೆಯನ್ನು ಒತ್ತುತ್ತಿದ್ದರು. ಈ ತಳದ ಸಂಖ್ಯೆಗೂ ಮೇಲಿನ ಗುರುತಿನ ಸಂಖ್ಯೆಗೂ ಸಂಬಂಧವಿಲ್ಲ, ಆದರೆ ಎರಡು ಹೋಳುಗಳ ತಳದ ಸಂಖ್ಯೆಗಳು ಪರಸ್ಪರ ಹೊಂದಲೇಬೇಕು. ಹೊಂದದಿದ್ದರೆ ಎರಡು ಬೇರೆ ಎಂಜಿನ್ನುಗಳ ಹೋಳುಗಳನ್ನು ಸೇರಿಸಿದ್ದಾರೆ ಎಂದರ್ಥ. ಅಂಥ ಎಂಜಿನ್ ಓಡಬಹುದಾದರೂ ಬೇರಿಂಗುಗಳ ಅಚ್ಚು ನೇರವಾಗಿರುವುದೆಂಬ ಭರವಸೆ ಇಲ್ಲ, ಬೆಲೆಯೂ ಇಳಿಯುತ್ತದೆ. ಜೊತೆಗೆ ಎಂಜಿನ್ನಿನ ಬಲಬದಿಯನ್ನು ನೋಡಿ. 1966ರಿಂದ 1969ರವರೆಗಿನ ಶವೆಲ್‌ಹೆಡ್‌ಗಳ ಕೆಳಭಾಗ ಅದಕ್ಕೆ ಮೊದಲಿನ ಪ್ಯಾನ್‌ಹೆಡ್ ಎಂಜಿನ್ನಿನದೇ ರಚನೆಯನ್ನು ಮುಂದುವರಿಸಿತ್ತು ಮತ್ತು ವಿದ್ಯುತ್ತಿಗೆ ಜನರೇಟರ್ ಇತ್ತು. 1970ರಲ್ಲಿ ಆಲ್ಟರ್ನೇಟರ್ ಬಂದಾಗ ಬಲಬದಿಯ ಕ್ಯಾಮ್ ಮುಚ್ಚಳ ಶಂಕುವಿನ ಆಕಾರ ಪಡೆಯಿತು. 1968ರದೆಂದು ಹೇಳುವ ಎಂಜಿನ್ನಿಗೆ ಶಂಕುವಿನಾಕಾರದ ಮುಚ್ಚಳವಿದ್ದರೆ ಮಾತು ಮತ್ತು ಲೋಹ ಒಂದನ್ನೊಂದು ಒಪ್ಪುತ್ತಿಲ್ಲ.

ಇಷ್ಟೆಲ್ಲ ಕಟ್ಟುನಿಟ್ಟು ಏಕೆಂದರೆ, ಫ್ರೇಮಿನಲ್ಲಿ ಸಂಖ್ಯೆಯೇ ಇಲ್ಲದ ಆ ಕಾಲದ ಹಾರ್ಲೆಗಳನ್ನು ಕದ್ದು, ಬಿಡಿಭಾಗಗಳಾಗಿಸಿ, ಬೇರೆ ಕ್ರ್ಯಾಂಕ್‌ಕೇಸಿನೊಂದಿಗೆ ಮಾರುವುದು ಸುಲಭವಾಗಿತ್ತು. ತಿದ್ದಿದ ಸಂಖ್ಯೆ ಇರುವ ವಾಹನವನ್ನು ನೋಂದಣಿಯ ತಪಾಸಣೆಯ ವೇಳೆ ಪೊಲೀಸರು ವಶಪಡಿಸಿಕೊಳ್ಳಬಹುದು, ಆಗ ನೀವು ಅದನ್ನು ಪ್ರಾಮಾಣಿಕವಾಗಿಯೇ ಕೊಂಡಿದ್ದರೂ ಹಣ ಮರಳಿ ಬರುವುದು ಕಷ್ಟ. ಮಾರುವವರ ಒಪ್ಪಿಗೆ ಪಡೆದು ಆ ಸಂಖ್ಯೆಯನ್ನು ಸ್ಥಳೀಯ ಪೊಲೀಸರಿಂದ ಕಳವಿನ ದಾಖಲೆಗಳಲ್ಲಿ ಹುಡುಕಿಸಿ. ಒಪ್ಪಿಗೆ ಕೊಡಲು ಹಿಂಜರಿಯುವವರಿಂದ ಏನನ್ನೂ ಕೊಳ್ಳಬೇಡಿ. ಆದರೆ ಹಲವು ದಶಕಗಳ ಹಿಂದಿನ ಕಳವು ಇಂದಿನ ದಾಖಲೆಯಲ್ಲಿ ಉಳಿದಿರಲೇಬೇಕೆಂದಿಲ್ಲ, ಆದ್ದರಿಂದ ದಾಖಲೆ ಶುದ್ಧವಾಗಿ ಬಂದ ಮಾತ್ರಕ್ಕೆ ಕಣ್ಣಿನ ಪರೀಕ್ಷೆಯನ್ನು ಬಿಡುವಂತಿಲ್ಲ. ಟೈಟಲ್ ಮಾರುವವರ ಹೆಸರಿನಲ್ಲಿಯೇ ಇರಬೇಕು. ಹಿಂದಿನ ಮಾಲೀಕರ ಸಹಿ ಮಾತ್ರ ಇದ್ದು ಕೊಳ್ಳುವವರ ಹೆಸರು ಖಾಲಿ ಬಿಟ್ಟ ಟೈಟಲನ್ನು ಕೈಯಿಂದ ಕೈಗೆ ದಾಟಿಸುವ ರೂಢಿ ಇದೆ, ಅದಕ್ಕೆ ಒಪ್ಪಬೇಡಿ. ಟೈಟಲಿನಲ್ಲಿ ವಿಶೇಷ ನಿರ್ಮಾಣ ಅಥವಾ ಜೋಡಿಸಿದ ವಾಹನ ಎಂದು ನಮೂದಾಗಿದ್ದರೆ ಅದು ಮೋಸವಲ್ಲ. ರಾಜ್ಯವೇ ಹೊಸ ಗುರುತು ಕೊಟ್ಟು ಒಪ್ಪಿಕೊಂಡಿದೆ ಎಂದಷ್ಟೇ ಅರ್ಥ. ಆದರೆ ಆಗ ಅದನ್ನು 1968ರ ಹಾರ್ಲೆ ಎಂದು ಕರೆದು ಆ ಬೆಲೆ ಕೇಳುವ ಹಕ್ಕು ಮಾರುವವರಿಗೆ ಇರುವುದಿಲ್ಲ.

ಫ್ರೇಮಿನ ಬಗ್ಗೆ ನಿಮ್ಮ ಪ್ರಶ್ನೆಯಲ್ಲಿಯೇ ಒಂದು ಸುಳಿವಿದೆ. ಹಾರ್ಲೆಯ ದೊಡ್ಡ ಎಂಜಿನ್ ವಾಹನಗಳಿಗೆ 1958ರಲ್ಲಿಯೇ ಹಿಂದಿನ ಸಸ್ಪೆನ್ಷನ್ ಬಂದಿತ್ತು. ಹಾಗಾದರೆ 1968ರ ಎಂಜಿನ್ ಸಸ್ಪೆನ್ಷನ್ ಇಲ್ಲದ ಫ್ರೇಮಿನಲ್ಲಿ ಕುಳಿತಿರುವುದು ಹೇಗೆ? ಒಂದೋ ಅದು 1957 ಅಥವಾ ಅದಕ್ಕೂ ಹಿಂದಿನ ಕಾರ್ಖಾನೆಯ ಫ್ರೇಮ್, ಇಲ್ಲವೇ ಚಾಪರ್ ಕಟ್ಟುವವರಿಗಾಗಿ ಪಾಕೊ, ಸ್ಯಾಂಟೀ, ಏಮೆನ್ ಮೊದಲಾದವರು ತಯಾರಿಸಿದ ಹೊರಗಿನ ಫ್ರೇಮ್, ಅದೂ ಅಲ್ಲದಿದ್ದರೆ 1968ರ ಮೂಲ ಫ್ರೇಮಿನ ಹಿಂಭಾಗವನ್ನು ಕತ್ತರಿಸಿ ಅಲ್ಲಿಗೆ ಗಟ್ಟಿ ಹಿಂಭಾಗವನ್ನು ಬೆಸೆದದ್ದು. ಮೊದಲನೆಯದಕ್ಕೆ ಬೆಲೆ ಹೆಚ್ಚು. ಅದರಲ್ಲಿ ನೆಕ್ (ಫ್ರೇಮಿನ ಮುಂದೆ ಫೋರ್ಕ್ ಕೂರುವ ಕೊಳವೆ) ಮತ್ತು ಹಿಂದಿನ ಆಕ್ಸಲ್ ಹಿಡಿಯುವ ತುಂಡುಗಳು ಬಡಿದು ಮಾಡಿದ ದಪ್ಪ ಉಕ್ಕಿನವಾಗಿರುತ್ತವೆ, ಸೈಡ್‌ಕಾರ್ ಜೋಡಿಸುವ ಕಿವಿಗಳು ಇರುತ್ತವೆ ಅಥವಾ ಅವನ್ನು ಉಜ್ಜಿ ತೆಗೆದ ಗುರುತುಗಳಾದರೂ ಇರುತ್ತವೆ. ಎರಡನೆಯದು ಬಳಕೆಗೆ ಒಳ್ಳೆಯದೇ, ಆ ಕಾಲದ್ದೇ ಆಗಿದ್ದರೆ ಅದಕ್ಕೂ ಗೌರವವಿದೆ. ಮೂರನೆಯದರಲ್ಲಿಯೇ ನಿಮ್ಮ ಹೆಚ್ಚಿನ ಸಮಯ ಹೋಗಬೇಕು, ಏಕೆಂದರೆ ಸವಾರನ ಭಾರವೆಲ್ಲ ಬೀಳುವ ಜಾಗದಲ್ಲಿಯೇ ಅದರ ಬೆಸುಗೆಗಳಿರುತ್ತವೆ.

ಇಲ್ಲಿ ಒಂದು ತೊಡಕಿದೆ. ಆ ಕಾಲದ ಚಾಪರುಗಳಲ್ಲಿ ಫ್ರೇಮಿನ ಸಂದುಗಳನ್ನು ಪುಟ್ಟಿ ಅಥವಾ ಫಿಲ್ಲರ್ ತುಂಬಿ ನುಣ್ಣಗೆ ಹರಿಯುವ ಆಕಾರ ಕೊಡುವ ಮೋಲ್ಡಿಂಗ್ ಎಂಬ ಅಲಂಕಾರ ಬಹಳ ಮೆಚ್ಚಿಕೆ ಪಡೆದಿತ್ತು. ಅದು ಸುಂದರ, ಕಾಲದ ಗುರುತೂ ಹೌದು. ಆದರೆ ಬೆಸುಗೆ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಪೂರ್ತಿಯಾಗಿ ಮುಚ್ಚಿಬಿಡುತ್ತದೆ. ನಿಮ್ಮ ವಾಹನದ ಬಣ್ಣದಲ್ಲಿ ಬಿರುಕುಗಳಿವೆ ಎಂದಿದ್ದೀರಿ. ಬಿರುಕು ಯಾವ ಬಗೆಯದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಟ್ಯಾಂಕಿನ ಮೇಲೆ ಜೇಡರ ಬಲೆಯಂತೆ ನವಿರಾಗಿ ಹರಡಿದ ಬಿರುಕು ಹಳೆಯ ಲ್ಯಾಕರ್ ಬಣ್ಣಕ್ಕೆ ವಯಸ್ಸಾದುದರ ಲಕ್ಷಣ, ಅದರಿಂದ ಅಪಾಯವಿಲ್ಲ. ನೆಕ್ಕಿನ ಸುತ್ತ, ಸೀಟಿನ ಕೆಳಗಿನ ಕೊಳವೆ ಸೇರುವಲ್ಲಿ, ಆಕ್ಸಲ್ ಹಿಡಿಯುವ ತುಂಡುಗಳ ಬಳಿ, ಎಂಜಿನ್ ಕೂರುವ ಕಟ್ಟೆಗಳ ಹತ್ತಿರ ಒಂದೇ ಗೆರೆಯಾಗಿ ಕೊಳವೆಗೆ ಅಡ್ಡಲಾಗಿ ಓಡುವ ಬಿರುಕು, ಅದರಲ್ಲೂ ತುಕ್ಕಿನ ನೀರು ಇಳಿದ ಗುರುತಿದ್ದರೆ, ಒಳಗಿನ ಲೋಹವೇ ಅಲುಗುತ್ತಿದೆ ಎನ್ನುವ ಎಚ್ಚರಿಕೆ. ತೆಳುವಾದ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಕೊಳವೆಗಳುದ್ದಕ್ಕೂ ಸರಿಸಿ. ಎಲ್ಲಿ ಹಿಡಿತ ಸಡಿಲವಾಗುತ್ತದೋ ಅಲ್ಲಿ ಪುಟ್ಟಿ ದಪ್ಪವಾಗಿದೆ. ಕೆಳಗಿನಿಂದ, ಬಣ್ಣ ಸರಿಯಾಗಿ ತಲುಪದ ಜಾಗಗಳಿಂದ, ಬೆಸುಗೆಯ ಗೆರೆಯನ್ನು ಹುಡುಕಿ. ಒಂದೇ ಅಗಲದಲ್ಲಿ ಅಲೆಅಲೆಯಾಗಿ ಸಾಗಿ, ಎರಡೂ ಅಂಚುಗಳಲ್ಲಿ ಲೋಹದೊಳಗೆ ಕರಗಿ ಸೇರಿರುವ ಗೆರೆ ಒಳ್ಳೆಯದು. ಮುದ್ದೆಮುದ್ದೆಯಾಗಿ ಮೇಲೆ ಕುಳಿತದ್ದು, ಸೂಜಿತೂತುಗಳಿರುವುದು, ಗ್ರೈಂಡರಿನಿಂದ ಪೂರ್ತಿ ಸವರಿ ಚಪ್ಪಟೆ ಮಾಡಿದ್ದು ನಂಬಿಕೆಗೆ ಅರ್ಹವಲ್ಲ. ಫ್ರೇಮಿನ ಕೊಳವೆಗೆ ತೂತು ಎಲ್ಲಾದರೂ ಇದ್ದರೆ ಅದರ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ ಒಳಗಿನಿಂದ ನೆಕ್ಕಿನ ಜೋಡಣೆಯನ್ನು ನೋಡಬಹುದು. ಇದಕ್ಕೆ ಬಣ್ಣ ಕೆಡಿಸಬೇಕಾಗಿಲ್ಲ, ಆದ್ದರಿಂದ ಮಾರುವವರು ಬೇಡವೆನ್ನಲು ಕಾರಣವೂ ಇಲ್ಲ.

ನೆಕ್ಕಿನ ಕೋನದ ಲೆಕ್ಕ ಚಾಪರಿನ ಜೀವಾಳ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೆಕ್ ಲಂಬರೇಖೆಯಿಂದ ಎಷ್ಟು ಹಿಂದಕ್ಕೆ ಬಾಗಿದೆ ಎಂಬುದು ರೇಕ್. ನೆಕ್ಕಿನ ಅಕ್ಷವನ್ನು ಕೆಳಗೆ ಎಳೆದರೆ ಅದು ನೆಲ ಮುಟ್ಟುವ ಬಿಂದುವಿಗೂ, ಟೈರು ನೆಲ ಮುಟ್ಟುವ ಬಿಂದುವಿಗೂ ಇರುವ ದೂರ ಟ್ರೇಲ್. ಕಚೇರಿಯ ಕುರ್ಚಿಯ ಪುಟ್ಟ ಗಾಲಿ ತಳ್ಳಿದ ದಿಕ್ಕಿಗೆ ತಾನೇ ಹಿಂದೆ ಬಂದು ನಿಲ್ಲುವುದು ಈ ದೂರ ಇರುವುದರಿಂದಲೇ. ಮೋಟಾರ್‌ಸೈಕಲ್ಲಿನ ಮುಂದಿನ ಚಕ್ರ ನೇರವಾಗಿ ಓಡುವುದೂ ಅದೇ ಕಾರಣಕ್ಕೆ. ಸಾಮಾನ್ಯ ವಾಹನಗಳಲ್ಲಿ ಟ್ರೇಲ್ ಸುಮಾರು 100ರಿಂದ 150 ಮಿಲಿಮೀಟರ್ ಇರುತ್ತದೆ. ಚಾಪರುಗಳ ಮುಂದೆ ಸಾಮಾನ್ಯವಾಗಿ ಹಾಕುತ್ತಿದ್ದ 21 ಇಂಚಿನ ಚಕ್ರದ ತ್ರಿಜ್ಯವನ್ನು ಟೈರೂ ಸೇರಿ 343 ಮಿಲಿಮೀಟರ್ ಎಂದೂ, ನೆಕ್ಕಿನ ಅಕ್ಷದಿಂದ ಆಕ್ಸಲ್ ಮುಂದಿರುವ ದೂರವನ್ನು 60 ಮಿಲಿಮೀಟರ್ ಎಂದೂ ಇಟ್ಟುಕೊಂಡರೆ, ರೇಕ್ 30 ಡಿಗ್ರಿ ಇದ್ದಾಗ ಟ್ರೇಲ್ ಸುಮಾರು 130 ಮಿಲಿಮೀಟರ್ ಬರುತ್ತದೆ. ಉಳಿದದ್ದೆಲ್ಲ ಹಾಗೆಯೇ ಇದ್ದು ರೇಕ್ 45 ಡಿಗ್ರಿಯಾದರೆ ಅದು ಸುಮಾರು 260ಕ್ಕೆ ಏರುತ್ತದೆ. ಅಷ್ಟು ಟ್ರೇಲ್ ಇರುವ ವಾಹನ ಹೆದ್ದಾರಿಯಲ್ಲಿ ನೇರವಾಗಿ ಓಡುತ್ತದೆ, ಆದರೆ ನಿಧಾನವಾಗಿ ತಿರುಗಿಸುವಾಗ ಮುಂಭಾಗವೆಲ್ಲ ಒಂದು ಕಡೆಗೆ ಬಿದ್ದುಹೋಗುವಂತೆ ಎಳೆಯುತ್ತದೆ ಮತ್ತು ತೋಳುಗಳಿಗೆ ಬಹಳ ದಣಿವು ತರುತ್ತದೆ.

ಇದಕ್ಕಿಂತ ಹೆಚ್ಚು ಅಪಾಯಕಾರಿ ತಪ್ಪು ವಿರುದ್ಧ ದಿಕ್ಕಿನದು. ನೆಕ್ಕನ್ನು ಕತ್ತರಿಸದೆಯೇ ಫೋರ್ಕನ್ನು ಮುಂದಕ್ಕೆ ಚಾಚಲು, ಫೋರ್ಕ್ ಹಿಡಿಯುವ ಟ್ರಿಪಲ್ ಟ್ರೀಯಲ್ಲಿಯೇ ಹೆಚ್ಚಿನ ಕೋನ ಕೊಡುವುದುಂಟು. ಇದರಿಂದ ಆಕ್ಸಲ್ ಮುಂದೆ ಹೋಗಿ ಟ್ರೇಲ್ ಕಡಿಮೆಯಾಗುತ್ತದೆ. ನೆಕ್ಕಿನ ಕೋನ ಮೊದಲೇ ಹೆಚ್ಚಿದ್ದು ಟ್ರೇಲ್ ಮಿತಿ ಮೀರಿದ್ದರೆ ಅಂಥ ಟ್ರೀ ಅದನ್ನು ಹದಕ್ಕೆ ತರುತ್ತದೆ, ಆದರೆ ಕಾರ್ಖಾನೆಯ ಕೋನದ ನೆಕ್ಕಿಗೆ ಅದನ್ನು ಹಾಕಿದರೆ ಟ್ರೇಲ್ ಶೂನ್ಯಕ್ಕೆ ಇಳಿಯಬಹುದು, ಅದಕ್ಕೂ ಕೆಳಗೆ ಹೋಗಬಹುದು. ಆಗ ವೇಗ ಹೆಚ್ಚಿದಾಗ ಹ್ಯಾಂಡಲ್ ತಡೆಯಲಾಗದಂತೆ ನಡುಗತೊಡಗುತ್ತದೆ. ನೋಡಲು ಎರಡು ವಾಹನಗಳೂ ಒಂದೇ ರೀತಿ ಉದ್ದವಾಗಿ ಕಾಣುವುದರಿಂದ ಅಳತೆ ಮಾಡದೆ ಇದು ತಿಳಿಯುವುದಿಲ್ಲ. ನಿಮ್ಮದು ಸ್ಪ್ರಿಂಗರ್ ಆದ್ದರಿಂದ ಆಕ್ಸಲ್ ಎಷ್ಟು ಮುಂದಿದೆ ಎಂಬುದನ್ನು ಬಹುಮಟ್ಟಿಗೆ ಕೆಳಗಿನ ರಾಕರುಗಳ, ಅಂದರೆ ಚಕ್ರವನ್ನು ಫೋರ್ಕಿನ ಕಾಲುಗಳಿಗೆ ಜೋಡಿಸುವ ಸಣ್ಣ ತೋಳುಗಳ, ಉದ್ದ ನಿರ್ಧರಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಶುಗರ್ ಬೇರ್ ಎಂದೇ ಪ್ರಸಿದ್ಧರಾದ ಕುಶಲಕರ್ಮಿಯ ಉದ್ದನೆಯ ಸ್ಪ್ರಿಂಗರುಗಳಿಗೆ ಹೆಸರು ಬಂದದ್ದು ಹೊಳಪಿನಿಂದ ಮಾತ್ರವಲ್ಲ, ಈ ರಾಕರ್ ಲೆಕ್ಕವನ್ನು ಸರಿಯಾಗಿ ಹಾಕಿದ್ದರಿಂದ. ವಾಹನವನ್ನು ಸವಾರನೊಂದಿಗೆ ನೇರವಾಗಿ ನಿಲ್ಲಿಸಿ, ನೆಕ್ಕಿನ ಗುಂಟ ಉದ್ದನೆಯ ನೇರ ಸರಳೊಂದನ್ನು ಹಿಡಿದು ನೆಲದ ಮೇಲೆ ಗುರುತು ಹಾಕಿ, ಆಕ್ಸಲ್ಲಿನಿಂದ ತೂಗುಗುಂಡು ಬಿಟ್ಟು ಇನ್ನೊಂದು ಗುರುತು ಹಾಕಿ. ನೆಕ್ಕಿನ ಗುರುತು ಆಕ್ಸಲ್ಲಿನ ಗುರುತಿಗಿಂತ ಮುಂದಿರಬೇಕು; ಅವೆರಡರ ನಡುವಿನ ದೂರವೇ ಟ್ರೇಲ್. ಇಬ್ಬರು ಸೇರಿದರೆ ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ ಉದ್ದನೆಯ ಫೋರ್ಕಿನ ಯಾವ ವಾಹನವನ್ನೂ ಓಡಿಸಿ ನೋಡಬೇಡಿ.

ಫೋರ್ಕಿನಲ್ಲಿ ಇನ್ನೂ ನೋಡಬೇಕಾದವು ರಾಕರುಗಳ ಬುಶ್ ಸವೆತ, ಹಿಂದಿನ ಗಟ್ಟಿ ಕಾಲುಗಳ ಕೆಳತುದಿಯ ಬೆಸುಗೆ, ಸ್ಪ್ರಿಂಗ್ ಹಿಡಿಯುವ ಸರಳುಗಳ ತಿರುಪಿನ ಗೆರೆಗಳು. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಎರಡೂ ಕೈಗಳಿಂದ ಹಿಂದೆ ಮುಂದೆ ಅಲುಗಾಡಿಸಿದರೆ ಬುಶ್ ಸವೆತ ಕೈಗೇ ತಿಳಿಯುತ್ತದೆ. ಕ್ರೋಮಿನ ಕೆಳಗೆ ತುಕ್ಕು ಹೊಕ್ಕಿರುವ ಕಡ್ಡಿಗಳನ್ನು, ಅಂದರೆ ಸ್ಪೋಕುಗಳನ್ನು, ಒಂದೊಂದಾಗಿ ತಟ್ಟಿ ನೋಡಿ. ಟೈರುಗಳು ಎಷ್ಟೇ ಚೆನ್ನಾಗಿ ಕಂಡರೂ ಹಳೆಯವಾದರೆ ಬದಲಿಸಲೇಬೇಕು. ಟೈರಿನ ಬದಿಯ ತಯಾರಿಕಾ ಸಂಕೇತ ನಾಲ್ಕು ಅಂಕಿಯದಾದರೆ ಅದು 2000 ಅಥವಾ ಅದರ ನಂತರದ್ದು, ಮೊದಲೆರಡು ಅಂಕಿ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಮೂರೇ ಅಂಕಿಗಳಿದ್ದರೆ ಅದಕ್ಕೂ ಹಿಂದಿನದು.

ಕಾಲನಿರ್ಣಯಕ್ಕೂ ಆ ಮೂರಂಕಿಯ ಟೈರು ಸಹಾಯಕ್ಕೆ ಬರುತ್ತದೆ. ಮಾರುಕಟ್ಟೆಯಲ್ಲಿ ವಿಂಟೇಜ್ ಚಾಪರ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ವಸ್ತುಗಳು ಮಾರಾಟವಾಗುತ್ತವೆ: 1960 ಅಥವಾ 70ರ ದಶಕದಲ್ಲಿಯೇ ಕಟ್ಟಿದ್ದು ಒಂದು, ಹಳೆಯ ಎಂಜಿನ್ ಇಟ್ಟು ಇತ್ತೀಚೆಗೆ ಕಟ್ಟಿದ್ದು ಇನ್ನೊಂದು. ಎರಡನೆಯದನ್ನು ನಾನು ಕೀಳೆನ್ನುವುದಿಲ್ಲ, ಓಡಿಸುವುದಕ್ಕಾದರೆ ಅದೇ ಉತ್ತಮವಾಗಿರಲೂಬಹುದು. ಆದರೆ ಮೊದಲನೆಯದರ ಬೆಲೆಗೆ ಎರಡನೆಯದನ್ನು ಕೊಳ್ಳಬಾರದು. ಹಿಂದಿನ ಟೈರು 200 ಮಿಲಿಮೀಟರಿಗೂ ಅಗಲವಾಗಿದ್ದರೆ ಆ ಫ್ರೇಮ್ 1970ರ ದಶಕದ್ದಲ್ಲ. ಆಗಿನವರು ಸಾಮಾನ್ಯವಾಗಿ 5 ಇಂಚು ಅಗಲದ, 16 ಇಂಚಿನ ಟೈರು ಹಾಕುತ್ತಿದ್ದರು. ಕ್ರೋಮಿನ ಹೊಳಪು ಎಲ್ಲ ಭಾಗಗಳಲ್ಲೂ ಒಂದೇ ರೀತಿ ಮಾಸಿದೆಯೇ, ಸೀಟಿನ ಒಳಗಿನ ಸ್ಪಂಜು ಪುಡಿಯಾಗಿದೆಯೇ, ವೈರುಗಳು ಗಡುಸಾಗಿವೆಯೇ, ಬೋಲ್ಟುಗಳ ಕೆಳಗೆ ಬಣ್ಣ ಮುರಿಯದೆ ಉಳಿದಿದೆಯೇ ಎಂದು ನೋಡಿ. ಇವೆಲ್ಲ ಒಟ್ಟಿಗೇ ಮುದಿಯಾಗಿದ್ದರೆ ಮಾರುವವರ ಮಾತಿಗೆ ಬಲ ಬರುತ್ತದೆ. ಹಳೆಯ ಫೋಟೊ, ನೋಂದಣಿ ಚೀಟಿ, ಬಿಡಿಭಾಗಗಳ ರಸೀದಿ, ಆಗಿನ ಪತ್ರಿಕೆಯಲ್ಲಿ ಅಚ್ಚಾದ ಚಿತ್ರ, ಇವುಗಳಲ್ಲಿ ಒಂದಾದರೂ ಸಿಕ್ಕರೆ ಬಾಯಿಮಾತಿನ ಹತ್ತು ಕಥೆಗಳಿಗಿಂತ ಅದು ಮೇಲು.

ಬಾಯಿಮಾತಿನ ಕಥೆ ಎಷ್ಟು ದುರ್ಬಲ ಎನ್ನುವುದಕ್ಕೆ ಎಲ್ಲರಿಗೂ ತಿಳಿದ ಉದಾಹರಣೆಯೇ ಇದೆ. 1969ರ ಈಜಿ ರೈಡರ್ ಚಿತ್ರಕ್ಕಾಗಿ, ಪೊಲೀಸ್ ಇಲಾಖೆ ಹರಾಜಿಗಿಟ್ಟ ಹಳೆಯ ಪ್ಯಾನ್‌ಹೆಡ್‌ಗಳನ್ನು ಕೊಂಡು ನಾಲ್ಕು ಚಾಪರುಗಳನ್ನು ಕಟ್ಟಲಾಗಿತ್ತು. ಅವುಗಳಲ್ಲಿ ಮೂರು ಕಳವಾದವು, ಉಳಿದ ಒಂದು ಚಿತ್ರೀಕರಣದಲ್ಲಿ ಜಖಂ ಆಯಿತು. ಆ ಉಳಿದ ವಾಹನವೇ ಇದು ಎಂದು ಹೇಳಲಾದ ಚಾಪರಿಗೆ 2014ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಹರಾಜಿನಲ್ಲಿ 13 ಲಕ್ಷ 50 ಸಾವಿರ ಡಾಲರ್ ಕೂಗು ಬಂತು. ಆದರೆ ಅಸಲಿ ತಮ್ಮಲ್ಲಿದೆ ಎಂದು ಮತ್ತೊಬ್ಬರೂ ಹೇಳುತ್ತಿದ್ದುದರಿಂದ ಆ ಸಂದರ್ಭದಲ್ಲಿಯೇ ದೊಡ್ಡ ವಿವಾದ ಎದ್ದಿತು. ಜಗತ್ತಿನ ಅತಿ ಪ್ರಸಿದ್ಧ ಚಾಪರಿನ ಗುರುತೇ ಹೀಗೆ ಪ್ರಶ್ನೆಯಾಗಬಹುದಾದರೆ ಉಳಿದವುಗಳಿಗೆ ಕಾಗದ ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ಇದೇ ವಾಹನಗಳ ಬಗ್ಗೆ ಇನ್ನೊಂದು ಮಾತು ನನ್ನನ್ನು ಯಾವಾಗಲೂ ಕಾಡುತ್ತದೆ. ಅವನ್ನು ಕಟ್ಟಿದವರಲ್ಲಿ ಮುಖ್ಯರಾದ ಲಾಸ್ ಏಂಜಲೀಸಿನ ಆಫ್ರಿಕನ್-ಅಮೆರಿಕನ್ ಕುಶಲಕರ್ಮಿಗಳಾದ ಬೆನ್ ಹಾರ್ಡಿ ಮತ್ತು ಕ್ಲಿಫ್ ವಾಸ್ ಅವರ ಹೆಸರುಗಳು ಹಲವು ದಶಕಗಳ ಕಾಲ ಹೊರಗೆ ಬರಲೇ ಇಲ್ಲ. ನಿಮ್ಮ ವಾಹನವನ್ನು ಕಟ್ಟಿದವರು ಯಾರೆಂದು ಕೇಳಿ, ಹಿಂದಿನ ಮಾಲೀಕರ ಹೆಸರುಗಳನ್ನು ಬರೆದುಕೊಳ್ಳಿ, ಸಾಧ್ಯವಾದರೆ ಅವರೊಡನೆ ಮಾತನಾಡಿ. ಇದು ಬೆಲೆಗಾಗಿ ಮಾತ್ರವಲ್ಲ, ಆ ಕೆಲಸ ಮಾಡಿದ ಕೈಗಳಿಗೆ ಸಲ್ಲಬೇಕಾದ ಗೌರವಕ್ಕಾಗಿಯೂ.

ಆದ್ದರಿಂದಲೇ ಬಣ್ಣದ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಬಣ್ಣ ಆ ಕಾಲದ್ದೇ ಆಗಿದ್ದರೆ ಹೊಸದಾಗಿ ಬಳಿಸಬೇಡಿ. ಲೋಹದ ಚೂರು ಬೆರೆಸಿದ ಮೆಟಲ್‌ಫ್ಲೇಕ್ ಬಣ್ಣದ ಹೊಳಪನ್ನೂ ಪಾರದರ್ಶಕ ಪದರಗಳ ಕ್ಯಾಂಡಿ ಬಣ್ಣದ ಆಳವನ್ನೂ ಇಂದು ಇನ್ನೂ ಚೆನ್ನಾಗಿ ಮಾಡಬಹುದು, ಆದರೆ ಅದು ಇಂದಿನದಾಗಿರುತ್ತದೆ. ಸೋಪಿಲ್ಲದ ನೀರಿನಲ್ಲಿ ಅದ್ದಿ ಹಿಂಡಿದ ಮೃದುವಾದ ಬಟ್ಟೆಯಿಂದ ಒರೆಸಿ, ತೆಳುವಾಗಿ ಮೇಣ ಹಚ್ಚಿ, ಎದ್ದುಬರುತ್ತಿರುವ ಅಂಚುಗಳನ್ನು ಮಾತ್ರ ಅಂಟಿಸಿ ನಿಲ್ಲಿಸಿ. ಲೋಹದ ಬಿರುಕಿನ ಮೇಲೆ ಕುಳಿತ ಬಣ್ಣವಾದರೆ ಮಾತು ಬೇರೆ. ಅಲ್ಲಿ ಬಣ್ಣ ಹೋಗಲೇಬೇಕು, ಸುರಕ್ಷತೆಯ ಮುಂದೆ ಯಾವ ಬಣ್ಣವೂ ದೊಡ್ಡದಲ್ಲ.

ಎಂಜಿನ್ನಿಗೆ ಬರೋಣ. ನೀವು ಬರುವ ಮುನ್ನ ಚಾಲೂ ಮಾಡಬಾರದೆಂದು ಮಾರುವವರಿಗೆ ಮೊದಲೇ ತಿಳಿಸಿ, ಹೋದ ಕೂಡಲೇ ಸಿಲಿಂಡರಿನ ಮೇಲೆ ಕೈಯಿಟ್ಟು ತಣ್ಣಗಿದೆಯೇ ನೋಡಿ. ಚಾಲೂ ಆದ ಮೇಲೆ ಆಯಿಲ್ ಟ್ಯಾಂಕಿನ ಮುಚ್ಚಳ ತೆಗೆದು ಎಣ್ಣೆ ಮರಳಿ ಬರುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಬಹಳ ದಿನ ನಿಂತ ಈ ಎಂಜಿನ್ನುಗಳಲ್ಲಿ ಪಂಪಿನ ಕವಾಟದ ಗುಂಡು ಸರಿಯಾಗಿ ಕೂರದಿದ್ದರೆ ಟ್ಯಾಂಕಿನ ಎಣ್ಣೆ ಕ್ರ್ಯಾಂಕ್‌ಕೇಸಿಗೆ ಇಳಿದಿರುತ್ತದೆ, ಆರಂಭದಲ್ಲಿ ದಟ್ಟ ಹೊಗೆ ಬಂದು ಉಸಿರುಕೊಳವೆಯಿಂದ ಎಣ್ಣೆ ಚೆಲ್ಲುತ್ತದೆ. ಇದು ಸಣ್ಣ ರಿಪೇರಿ, ಗಾಬರಿ ಬೇಡ. ಬಿಸಿಯಾದ ಮೇಲೆ ಥ್ರಾಟಲ್ ಪೂರ್ತಿ ತೆರೆದು ಎರಡೂ ಸಿಲಿಂಡರುಗಳ ಕಂಪ್ರೆಷನ್ ಅಳೆಯಿರಿ. ಎರಡರ ನಡುವೆ ಶೇಕಡಾ 10ಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಎಂಜಿನ್ ಬಿಚ್ಚುವ ಖರ್ಚನ್ನು ಬೆಲೆಯಿಂದ ಕಳೆಯಿರಿ. ಕ್ರ್ಯಾಂಕ್‌ಕೇಸನ್ನು ಮಾತ್ರ ಗಮನವಿಟ್ಟು ನೋಡಿ. ಅದರ ಮೇಲೆಯೇ ಸಂಖ್ಯೆ ಇರುವುದರಿಂದ ಅದನ್ನು ಬದಲಿಸಿದರೆ ವಾಹನದ ಗುರುತೇ ಹೋಗುತ್ತದೆ. ಫ್ರೇಮಿಗೆ ಬಿಗಿಯುವ ಕಿವಿಗಳಲ್ಲಿ, ಸಿಲಿಂಡರ್ ಬುಡದ ಸ್ಟಡ್‌ಗಳ ಸುತ್ತ, ಚೈನ್ ಕಡಿದಾಗ ಬಡಿಯುವ ಜಾಗಗಳಲ್ಲಿ ಬಿರುಕು ಅಥವಾ ಅಲ್ಯುಮಿನಿಯಂ ಬೆಸುಗೆಯ ಗುರುತು ಹುಡುಕಿ. ಹಳೆಯ ಅಚ್ಚುಕಟ್ಟಾದ ಬೆಸುಗೆ ಇದ್ದರೆ ಕೊಳ್ಳಬಾರದೆಂದಿಲ್ಲ, ಬೆಲೆ ಇಳಿಯಬೇಕು ಅಷ್ಟೆ.

ಬೆಲೆಯನ್ನು ನಾನು ಹೀಗೆ ಲೆಕ್ಕ ಹಾಕುತ್ತೇನೆ: ಶುದ್ಧವಾದ ಟೈಟಲ್ ಇರುವ ಸಂಪೂರ್ಣ 1968ರ ಎಂಜಿನ್, ಗೇರ್‌ಬಾಕ್ಸ್, ಗುರುತಿಸಬಹುದಾದ ಫ್ರೇಮ್, ಸ್ಪ್ರಿಂಗರ್, ಇವುಗಳನ್ನು ಬಿಡಿಬಿಡಿಯಾಗಿ ಕೊಂಡರೆ ಎಷ್ಟಾಗುತ್ತದೋ ಅದೇ ಆಧಾರ. ಕಾಲದ ಕಥೆಗೆ ಕಾಗದದ ಬೆಂಬಲವಿದ್ದರೆ ಮಾತ್ರ ಅದರ ಮೇಲೆ ಇನ್ನಷ್ಟು ಕೊಡಿ. ಹಣವನ್ನು ಆಯಾ ರಾಜ್ಯದ ವಾಹನ ನೋಂದಣಿ ಕಚೇರಿಯಲ್ಲಿ, ಸಂಖ್ಯೆ ತಾಳೆಯಾಗಿ ವರ್ಗಾವಣೆ ಸ್ವೀಕಾರವಾದ ಹೊತ್ತಿಗೆ ಕೈಗೆ ಕೊಡುವುದು ಕ್ಷೇಮ. ವಿಮೆ ಮಾಡಿಸುವಾಗ ಒಪ್ಪಿತ ಮೌಲ್ಯದ ಪಾಲಿಸಿ ಕೇಳಿ. ಇಲ್ಲವಾದರೆ ಅಪಘಾತವಾದಾಗ ನಿಮ್ಮ ವಾಹನವನ್ನು ಬರಿಯ ಹಳೆಯ ಮೋಟಾರ್‌ಸೈಕಲ್ ಎಂದು ಎಣಿಸುತ್ತಾರೆ.

ಕೊನೆಯದಾಗಿ, ಓಡಿಸಲು ಯೋಗ್ಯವೆ ಎಂದು ಕೇಳಿದ್ದೀರಿ. ಬೆಸುಗೆಯೂ ಟ್ರೇಲೂ ಪರೀಕ್ಷೆಯಲ್ಲಿ ಗೆದ್ದರೆ ಯೋಗ್ಯವೇ, ಆದರೆ ಮುಂದಿನ ಬ್ರೇಕ್ ಇಲ್ಲದೆ ಅಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಸರಿದು ಹಿಂದಿನ ಟೈರಿನ ಹಿಡಿತ ಕಡಿಮೆಯಾಗುತ್ತದೆ. ಹಿಂದಿನ ಡ್ರಮ್ ಒಂದನ್ನೇ ನಂಬಿದವರು ತುರ್ತಿನಲ್ಲಿ ಚಕ್ರ ಕಟ್ಟಿಹೋಗಿ ಜಾರುತ್ತಾರೆ. ಉದ್ದನೆಯ ಚಾಪರಿನಲ್ಲಿ ಭಾರ ಸರಿಯುವುದು ಸ್ವಲ್ಪ ಕಡಿಮೆ, ಆದರೂ ಮುಂದಿನ ಬ್ರೇಕಿನ ಕೆಲಸವನ್ನು ಹಿಂದಿನದು ಮಾಡಲಾರದು. ಹಲವು ರಾಜ್ಯಗಳ ನಿಯಮಗಳು ಬೇರೆಬೇರೆಯಾಗಿರುವುದರಿಂದ ನೀವು ನೋಂದಾಯಿಸುವ ರಾಜ್ಯದ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳಿ. ಈಗಿರುವ ಬ್ರೇಕಿಲ್ಲದ ತೆಳ್ಳನೆಯ ಹಬ್ಬನ್ನು ಕತ್ತರಿಸಿ ಮಾರ್ಪಡಿಸಬೇಡಿ. ಅದೇ ಅಳತೆಯ ಇನ್ನೊಂದು ಚಕ್ರಕ್ಕೆ ಸಣ್ಣ ಡಿಸ್ಕ್ ಅಥವಾ ಡ್ರಮ್ ಇರುವ ಹಬ್ ಕಟ್ಟಿಸಿ, ಬ್ರೇಕಿನ ಎದುರೊತ್ತಡವನ್ನು ತಡೆಯುವ ಸರಳನ್ನು ಸ್ಪ್ರಿಂಗರಿನ ಹಿಂದಿನ ಗಟ್ಟಿ ಕಾಲಿಗೆ ಬೆಸುಗೆಯಿಲ್ಲದೆ, ಪಟ್ಟಿಯ ಹಿಡಿಕೆಯಿಂದ ಬಿಗಿಸಿ. ಸರಳಿನ ಉದ್ದ ಮತ್ತು ಕೋನ ರಾಕರಿನ ಚಲನೆಗೆ ಹೊಂದಿರಬೇಕು, ಇಲ್ಲವಾದರೆ ಬ್ರೇಕ್ ಹಿಡಿದಾಗ ಫೋರ್ಕ್ ಮೇಲೇಳುತ್ತದೆ ಅಥವಾ ಕುಸಿಯುತ್ತದೆ; ಈ ಒಂದು ಕೆಲಸವನ್ನು ಸ್ಪ್ರಿಂಗರ್ ಬಲ್ಲವರಿಂದಲೇ ಮಾಡಿಸಿ. ಹಳೆಯ ಚಕ್ರವನ್ನು ಟೈರಿನ ಸಮೇತ ಬಟ್ಟೆ ಸುತ್ತಿ ವಾಹನದ ಕಾಗದಗಳ ಜೊತೆಗೇ ಜೋಪಾನವಾಗಿಡಿ, ಮುಂದೆ ಯಾರಿಗೆ ಮಾರಿದರೂ ಅದನ್ನು ಅವರಿಗೆ ಒಪ್ಪಿಸಿ.